ಮೈಸೂರಿನ ಕಡಲ ವಿಜ್ಞಾನ ಮಾತುಕತೆಗಳು: ಹೋಗಬಹುದೇ?

ಸರಸ್ವತಿಪುರಂನ ಒಂದು ಹಳೆಯ ಮನೆಯ ಮಹಡಿಯಲ್ಲಿ ಕೆಲವು ನಿವೃತ್ತ ಅಧ್ಯಾಪಕರೂ ಒಂದಷ್ಟು ಸ್ನಾತಕೋತ್ತರ ವಿದ್ಯಾರ್ಥಿಗಳೂ ಸೇರಿ ಕರಾವಳಿ ಮತ್ತು ಸಾಗರ ವಿಜ್ಞಾನದ ಬಗ್ಗೆ ಶನಿವಾರ ಸಂಜೆಗಳಲ್ಲಿ ಸಾರ್ವಜನಿಕ ಮಾತುಕತೆ ನಡೆಸುತ್ತಿದ್ದಾರೆ. ಬಳಗಕ್ಕೆ ಹೆಸರಿಲ್ಲ, ಬ್ಯಾನರಿಲ್ಲ, ದೀಪ ಬೆಳಗಿಸುವ ಕಾರ್ಯಕ್ರಮವಿಲ್ಲ, ಶಾಲು ಹೊದಿಸುವ ಪದ್ಧತಿಯಿಲ್ಲ. ಈ ಊರಿನ ಸಭೆಗಳ ಅಭ್ಯಾಸವಿರುವವರಿಗೆ ಇದೇ ಒಂದು ದೊಡ್ಡ ಬಿಡುಗಡೆಯಾಗಿ ಕಾಣುತ್ತದೆ. ಪ್ರವೇಶ ಉಚಿತವಾಗಿದ್ದು, ಬಾಗಿಲ ಬಳಿಯ ಡಬ್ಬಕ್ಕೆ ಇಷ್ಟವಿದ್ದವರು ಇಷ್ಟವಾದಷ್ಟು ಹಾಕಬಹುದು. ಕಳೆದ ಮಳೆಗಾಲದಿಂದ ಈಚೆಗೆ ನಡೆದ ಸಂಜೆಗಳಲ್ಲಿ ಹೆಚ್ಚಿನವಕ್ಕೆ ನಾನು ಹೋಗಿದ್ದೇನಾದ್ದರಿಂದ, ಹೋಗಬೇಕೋ ಬೇಡವೋ ಎಂದು ಯೋಚಿಸುತ್ತಿರುವವರಿಗೆ ನೆರವಾಗಲೆಂದು ಇದನ್ನು ಬರೆಯುತ್ತಿದ್ದೇನೆ.

ಇದರ ವಿನ್ಯಾಸ ಸರಳವಾದುದು. ತಜ್ಞರು ಮೊದಲ ನಲವತ್ತು ನಿಮಿಷ ಮಾತನಾಡುತ್ತಾರೆ, ನಡುವೆ ಕಾಫಿ ಬರುತ್ತದೆ, ಆಮೇಲೆ ಉಳಿದ ಸಮಯವೆಲ್ಲ ಪ್ರಶ್ನೆಗಳಿಗೆ ಮೀಸಲು. ವಿಜ್ಞಾನವನ್ನು ಸಭಾಂಗಣದಿಂದ ಕಾಫಿ ಮೇಜಿಗೆ ತರುವ ಈ ಬಗೆಯ ಕೂಟಗಳು 1998ರಲ್ಲಿ ಇಂಗ್ಲೆಂಡಿನ ಲೀಡ್ಸ್ ನಗರದಲ್ಲಿ ಆರಂಭವಾಗಿ ಅನೇಕ ದೇಶಗಳಿಗೆ ಹಬ್ಬಿದವು. ಆದರೆ ಮೈಸೂರಿಗೆ ಇದು ಪೂರ್ತಿ ಹೊಸತಲ್ಲ. ನಮ್ಮ ವಿಶ್ವವಿದ್ಯಾನಿಲಯವು ಪ್ರಚಾರೋಪನ್ಯಾಸಗಳೆಂಬ ಹೆಸರಿನಲ್ಲಿ ಅಧ್ಯಾಪಕರನ್ನು ಊರೂರಿಗೆ ಕಳುಹಿಸಿ, ಸಾಮಾನ್ಯರಿಗೆ ತಿಳಿಯುವ ಕನ್ನಡದಲ್ಲಿ ಮಾತನಾಡಿಸಿ, ಆ ಮಾತುಗಳನ್ನು ಕಿರುಪುಸ್ತಕಗಳಾಗಿ ಅಗ್ಗದ ಬೆಲೆಗೆ ಮಾರಿದ ಕಾಲವೊಂದಿತ್ತು. ಆಗಿನದಕ್ಕೂ ಈಗಿನದಕ್ಕೂ ಇರುವ ವ್ಯತ್ಯಾಸವೆಂದರೆ, ಇಲ್ಲಿ ಕೇಳುಗರ ಬಾಯಿಗೆ ಕೊಟ್ಟಿರುವ ಅವಕಾಶ. ಆ ಅವಕಾಶ ಸರಿಯಾಗಿ ಸಿಕ್ಕ ಸಂಜೆ ಈ ಮಾತುಕತೆಗಳು ಬಹಳ ಎತ್ತರಕ್ಕೆ ಹೋಗುತ್ತವೆ. ಸಿಗದ ಸಂಜೆ ಇವು ಮತ್ತೊಂದು ಉಪನ್ಯಾಸವಷ್ಟೇ ಆಗಿಬಿಡುತ್ತವೆ.

ಎಲ್ಲಕ್ಕಿಂತ ಒಳ್ಳೆಯದಾಗಿದ್ದ ಸಂಜೆಯ ಬಗ್ಗೆಯೇ ಮೊದಲು ಹೇಳುತ್ತೇನೆ. ಅಂದಿನ ವಿಷಯ ಅಳಿವೆಗಳು, ಅಂದರೆ ನದಿಯ ನೀರೂ ಕಡಲಿನ ನೀರೂ ಕೂಡುವ ಜಾಗಗಳು. ಮಾತನಾಡಿದವರು ಸಾಗರ ರಸಾಯನಶಾಸ್ತ್ರದ ಸಂಶೋಧಕಿ. ಅವರು ನೇತ್ರಾವತಿಯನ್ನಾಗಲೀ ಶರಾವತಿಯನ್ನಾಗಲೀ ಹಿಡಿಯದೆ, ನೇರವಾಗಿ ಕಾವೇರಿಯಿಂದ ಆರಂಭಿಸಿದರು. ಕೆಆರ್‌ಎಸ್‌ನ ಮಟ್ಟ 124.80 ಅಡಿ ಮುಟ್ಟಿತೇ ಇಲ್ಲವೇ ಎಂಬುದನ್ನು ಬೆಳಗಿನ ಪತ್ರಿಕೆಯಲ್ಲಿ ಮೊದಲು ನೋಡುವ ಜನರ ಮುಂದೆ, ಅದೇ ನೀರು ಪೂಂಪುಹಾರಿನ ಬಳಿ ಬಂಗಾಳ ಕೊಲ್ಲಿಯನ್ನು ಸೇರುವಾಗ ಏನಾಗುತ್ತದೆ ಎಂಬ ಪ್ರಶ್ನೆಯನ್ನಿಟ್ಟಿದ್ದು ಜಾಣತನದ ಆಯ್ಕೆ. ಮೂರು ರಾಜ್ಯಗಳ ಮತ್ತು ಪುದುಚೇರಿಯ ಪಾಲಿನ ಅಂಕಿಗಳು ನಮಗೆ ಬಾಯಿಪಾಠವಾಗಿವೆ: 2018ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಕರ್ನಾಟಕಕ್ಕೆ 284.75 ಟಿಎಂಸಿ ಅಡಿ, ತಮಿಳುನಾಡಿಗೆ 404.25, ಕೇರಳಕ್ಕೆ 30, ಪುದುಚೇರಿಗೆ 7 ಎಂದು ಹಂಚಿತು. ಇವಿಷ್ಟನ್ನು ಕೂಡಿಸಿದರೆ ಒಟ್ಟು ಲೆಕ್ಕವಾದ 740 ಆಗುವುದಿಲ್ಲ, 14 ಉಳಿಯುತ್ತದೆ ಎಂದು ಅವರು ಕಪ್ಪು ಹಲಗೆಯ ಮೇಲೆ ಬರೆದು ತೋರಿಸಿದರು. ಆ ಹದಿನಾಲ್ಕರಲ್ಲಿ 10 ಟಿಎಂಸಿ ಅಡಿ ಪರಿಸರ ರಕ್ಷಣೆಗೆ, 4 ಟಿಎಂಸಿ ಅಡಿ ಅನಿವಾರ್ಯವಾಗಿ ಸಮುದ್ರ ಸೇರುವ ನೀರಿಗೆ. 2007ರ ನ್ಯಾಯಮಂಡಳಿಯ ಐತೀರ್ಪಿನಲ್ಲಿಯೇ ಈ ಎರಡೂ ಬಾಬ್ತುಗಳು ಇದ್ದವು. ಇಷ್ಟು ವರ್ಷ ಕಾವೇರಿಯ ಬಗ್ಗೆ ಇಷ್ಟೊಂದು ಚರ್ಚೆ ಕೇಳಿದ ನಮ್ಮಲ್ಲಿ ಹೆಚ್ಚಿನವರು ಆ ಕೊನೆಯ ಎರಡು ಸಾಲುಗಳನ್ನು ಓದಿಯೇ ಇರಲಿಲ್ಲವೆಂಬುದು ಸಭೆಯ ಮೌನದಲ್ಲಿ ಗೊತ್ತಾಗುತ್ತಿತ್ತು.

ಅಲ್ಲಿಂದ ಮುಂದೆ ಅವರು ವಿವರಿಸಿದ್ದು, ಸಮುದ್ರಕ್ಕೆ ಹೋದ ನೀರು ವ್ಯರ್ಥವಾಯಿತೆಂಬ ನಮ್ಮ ನಂಬಿಕೆಯನ್ನು ಒಂದೊಂದು ಎಳೆಯಾಗಿ ಬಿಡಿಸುವ ಕೆಲಸ. ನದಿ ಕಡಲಿಗೆ ಒಯ್ಯುವುದು ನೀರನ್ನು ಮಾತ್ರವಲ್ಲ. ಬಂಡೆ ಸವೆದು ಕರಗಿದ ಸಿಲಿಕೇಟ್ ಅದರಲ್ಲಿರುತ್ತದೆ. ಡಯಾಟಮ್ ಎಂಬ ಸೂಕ್ಷ್ಮ ಸಸ್ಯಗಳು ತಮ್ಮ ಗಾಜಿನಂಥ ಕವಚವನ್ನು ಕಟ್ಟಿಕೊಳ್ಳುವುದು ಅದರಿಂದಲೇ, ಮತ್ತು ಕಡಲಿನ ಆಹಾರ ಸರಪಳಿಯ ಬಹುದೊಡ್ಡ ಭಾಗ ನಿಂತಿರುವುದು ಆ ಡಯಾಟಮ್‌ಗಳ ಮೇಲೆ. ಜಲಾಶಯದಲ್ಲಿ ನೀರು ನಿಂತಾಗ ಹೂಳಿನ ಜೊತೆಗೆ ಈ ಸಿಲಿಕೇಟಿನ ಒಂದು ಪಾಲೂ ಅಲ್ಲಿಯೇ ಉಳಿಯುತ್ತದೆ. ಕೆಆರ್‌ಎಸ್, ಕಬಿನಿ, ಹೇಮಾವತಿ, ಹಾರಂಗಿ ಎಂದು ನಾವು ಕಟ್ಟಿಕೊಂಡಂತೆ ಕೆಳಗೆ 1934ರಲ್ಲಿ ಮೆಟ್ಟೂರು ಅಣೆಕಟ್ಟೂ ಎದ್ದಿತು. ಪ್ರತಿಯೊಂದೂ ಮುಖಜ ಭೂಮಿಗೆ, ಅಂದರೆ ನದಿಯ ಬಾಯಲ್ಲಿ ಹೂಳು ತುಂಬಿ ಆದ ನೆಲಕ್ಕೆ, ಸೇರಬೇಕಾದ ಮರಳು ಮಣ್ಣನ್ನು ತನ್ನ ಪಾಲಿಗೆ ಹಿಡಿದಿಟ್ಟುಕೊಳ್ಳುತ್ತದೆ. ಅಲೆಗಳು ಮಾತ್ರ ತಮ್ಮ ಪಾಲಿನ ದಡವನ್ನು ವರ್ಷವರ್ಷವೂ ಕೊಂಡೊಯ್ಯುತ್ತಲೇ ಇರುತ್ತವೆ. ಜಮೆ ನಿಂತು ಖರ್ಚು ಮಾತ್ರ ಮುಂದುವರಿದ ಬ್ಯಾಂಕ್ ಖಾತೆಯಂತೆ ದಡ ಕರಗುತ್ತದೆ. ಸಿಹಿನೀರಿನ ಒತ್ತಡ ಕಡಿಮೆಯಾದ ಕಡೆ ಉಪ್ಪುನೀರು ಒಳನಾಡಿನ ಬಾವಿಗಳ ಕಡೆಗೆ ಸರಿಯುತ್ತದೆ. ಸಿಗಡಿಯ ಮರಿಗಳು ಬೆಳೆಯುವುದಕ್ಕೆ ಬೇಕಾದ, ಉಪ್ಪು ಕಡಿಮೆಯಿರುವ ಅಳಿವೆಯ ನೀರೂ ಕುಗ್ಗುತ್ತದೆ.

ಇದು ಬರಿಯ ತರ್ಕವಲ್ಲವೆನ್ನುವುದಕ್ಕೆ ಅವರು ಕೊಟ್ಟ ಉದಾಹರಣೆ ಈಜಿಪ್ಟಿನದು. ನೈಲ್ ನದಿಯ ಪ್ರವಾಹ ಮೆಡಿಟರೇನಿಯನ್ ಕಡಲನ್ನು ಪ್ರತಿ ವರ್ಷ ಫಲವತ್ತು ಮಾಡುತ್ತಿದ್ದಾಗ, 1962ರಲ್ಲಿ ಮುಖಜ ಭೂಮಿಯ ಆಚೆಗೆ ಹಿಡಿದ ಸಾರ್ಡೀನ್ ಮೀನು ಸುಮಾರು 18,000 ಟನ್ ಇತ್ತು. ಆಸ್ವಾನ್ ಮಹಾ ಅಣೆಕಟ್ಟು ಪ್ರವಾಹವನ್ನು ತಡೆದ ಮೇಲೆ, 1968ರಲ್ಲಿ ಅದು 500 ಟನ್ನಿಗೂ ಕೆಳಗೆ ಇಳಿದಿತ್ತು. ಮುಂದಿನ ದಶಕಗಳಲ್ಲಿ ಮೀನುಗಾರಿಕೆ ಅಲ್ಲಿ ಚೇತರಿಸಿಕೊಂಡಿತು, ಆದರೆ ಅದಕ್ಕೆ ಹೊಲಗಳ ಗೊಬ್ಬರವೂ ನಗರಗಳ ಕೊಳಚೆಯೂ ಹರಿದುಬಂದದ್ದು ಒಂದು ಮುಖ್ಯ ಕಾರಣವೆಂದು ಸಂಶೋಧಕರು ವಾದಿಸಿದ್ದಾರೆ ಎಂಬುದನ್ನೂ ಅವರು ಮುಚ್ಚಿಡಲಿಲ್ಲ. ತಮ್ಮ ವಾದಕ್ಕೆ ತೊಡಕಾಗುವ ಸಂಗತಿಯನ್ನು ತಾವೇ ಮುಂದಿಡುವ ಈ ಪ್ರಾಮಾಣಿಕತೆಯಿಂದಾಗಿಯೇ ಅವರ ಉಳಿದ ಮಾತುಗಳಿಗೆ ತೂಕ ಬಂತು.

ಕಾಫಿಯ ನಂತರ ಮಂಡ್ಯದ ಕಡೆಯ ರೈತರೊಬ್ಬರು ಎದ್ದುನಿಂತು, "ಮೇಡಂ, ನಮ್ಮ ವಿ.ಸಿ. ನಾಲೆಗೇ ನೀರಿಲ್ದಾಗ ಸಿಗಡಿ ಮರಿಗೆ ಎಲ್ಲಿಂದ ತರಾದು?" ಎಂದು ಕೇಳಿದರು. ಸಭೆ ನಕ್ಕಿತು, ಆದರೆ ಅವರು ನಗಲಿಲ್ಲ. 2023ರ ಬರ ಅವರಿಗೆ ನಗುವ ವಿಷಯವಾಗಿರಲಿಲ್ಲ. ಈ ಪ್ರಶ್ನೆಗೆ ಬಂದ ಉತ್ತರವನ್ನು ನಾನು ಈ ಸರಣಿಯಲ್ಲಿ ಕೇಳಿದ ಅತ್ಯುತ್ತಮ ಉತ್ತರವೆಂದು ಪರಿಗಣಿಸುತ್ತೇನೆ. ಬರಗಾಲದ ವರ್ಷದಲ್ಲಿ ಕಾವೇರಿ ಸಮುದ್ರವನ್ನು ಮುಟ್ಟುವುದೇ ಅಪರೂಪ, ಆದ್ದರಿಂದ ಅಂಥ ವರ್ಷ ನಿಮ್ಮ ಗದ್ದೆಗೂ ಸಿಗಡಿಗೂ ಜಗಳವೇ ಇಲ್ಲ, ಇಬ್ಬರಿಗೂ ಇಲ್ಲ ಎಂದು ಅವರು ಮೊದಲೇ ಒಪ್ಪಿಕೊಂಡರು. ಪ್ರಶ್ನೆ ಇರುವುದು ಜಲಾಶಯಗಳು ತುಂಬಿ ಹೊರಹರಿವು ಆರಂಭವಾಗುವ ವರ್ಷಗಳಲ್ಲಿ: ನದಿ ಹೂಳನ್ನು ಹೆಚ್ಚಾಗಿ ಹೊರುವುದು ಆ ಕೆಲವೇ ವಾರಗಳ ಪ್ರವಾಹದಲ್ಲಿ, ಹಾಗಾಗಿ ಆ ನೀರನ್ನೂ ಹಿಡಿದಿಡಬೇಕೆಂಬ ಪ್ರತಿ ಯೋಜನೆಯೂ ಕೆಳಗಿನ ದಡದ ಲೆಕ್ಕವನ್ನು ತನ್ನ ವರದಿಯಲ್ಲಿ ಸೇರಿಸಬೇಕು ಎಂದರು. ಪಶ್ಚಿಮಕ್ಕೆ ಹರಿಯುವ ನೀರನ್ನು ಪೂರ್ವಕ್ಕೆ ತಿರುಗಿಸುವ ಎತ್ತಿನಹೊಳೆ ಯೋಜನೆಯ 24 ಟಿಎಂಸಿ ಅಡಿ ನೀರಿನ ಬಗ್ಗೆಯೂ ಇದೇ ಬಗೆಯ ಪ್ರಶ್ನೆ ಕರಾವಳಿಯವರಿಂದ ಬಂದಿರುವುದನ್ನು ನೆನಪಿಸಿದರು. ಯಾವ ಯೋಜನೆಯ ಪರವಾಗಿಯೂ ವಿರುದ್ಧವಾಗಿಯೂ ಘೋಷಣೆ ಕೂಗಲಿಲ್ಲ. ಕೇಳಿದ ರೈತರು ಪೂರ್ತಿ ಒಪ್ಪಿದರೆಂದು ನನಗನ್ನಿಸಲಿಲ್ಲ, ಆದರೆ ಸಭೆ ಮುಗಿದ ಮೇಲೂ ಅವರಿಬ್ಬರೂ ಮೆಟ್ಟಿಲ ಬಳಿ ನಿಂತು ಮಾತು ಮುಂದುವರಿಸಿದ್ದನ್ನು ನೋಡಿದೆ. ಇಂಥ ಮಾತು ಟಿ.ವಿ. ಚರ್ಚೆಯಲ್ಲಿ ಸಾಧ್ಯವಿಲ್ಲ, ವಿಶ್ವವಿದ್ಯಾನಿಲಯದ ವಿಚಾರ ಸಂಕಿರಣದಲ್ಲಿ ರೈತರು ಇರುವುದಿಲ್ಲ.

ಬೂತಾಯಿ, ಅಂದರೆ ನಮ್ಮ ಕರಾವಳಿಯ ಸಾರ್ಡೀನ್ ಮೀನಿನ ಸಂಜೆಯೂ ಚೆನ್ನಾಗಿತ್ತು, ಬೇರೆ ಕಾರಣಕ್ಕೆ. ನಮ್ಮ ಕಡೆ ಕೆರೆಯ ಕಾಟ್ಲಾ, ರೋಹು, ಜಿಲೇಬಿ ಮೀನುಗಳ ಪಕ್ಕದಲ್ಲಿ ಐಸಿನ ಮೇಲೆ ಕೂತಿರುವ ಬೂತಾಯಿ, ಬಂಗುಡೆಗಳು ಮಂಗಳೂರಿನಿಂದ ರಾತ್ರೋರಾತ್ರಿ ಘಟ್ಟ ಹತ್ತಿ ಬಂದವೆಂಬುದು ಎಲ್ಲರಿಗೂ ಗೊತ್ತು. ಕೆಲವು ವರ್ಷ ಅವು ಏಕೆ ಬರುವುದಿಲ್ಲವೆಂಬುದು ಗೊತ್ತಿಲ್ಲ. ಮೀನುಗಾರಿಕೆ ವಿಜ್ಞಾನಿಯಾಗಿ ನಿವೃತ್ತರಾದ ಹಿರಿಯರೊಬ್ಬರು ಅದನ್ನು ಮುಂಗಾರಿನ ಗಾಳಿಯಿಂದ ಆರಂಭಿಸಿ ವಿವರಿಸಿದರು. ಮುಂಗಾರಿನಲ್ಲಿ ನಮ್ಮ ಪಶ್ಚಿಮ ದಡದ ಗುಂಟ ಬೀಸುವ ಗಾಳಿ, ಭೂಮಿಯ ಸುತ್ತುವಿಕೆಯ ಪರಿಣಾಮದೊಂದಿಗೆ ಸೇರಿ, ಮೇಲ್ಮೈ ನೀರನ್ನು ದಡದಿಂದ ಆಚೆಗೆ ತಳ್ಳುತ್ತದೆ. ಆ ಜಾಗಕ್ಕೆ ಆಳದ ತಣ್ಣನೆಯ, ಪೋಷಕಾಂಶ ತುಂಬಿದ ನೀರು ಮೇಲೇಳುತ್ತದೆ. ಬಿಸಿಲು ತಾಗಿದ ಕೂಡಲೇ ಸೂಕ್ಷ್ಮ ಸಸ್ಯಗಳು ಹುಲುಸಾಗಿ ಬೆಳೆದು ಕಡಲು ಹಸಿರಾಗುತ್ತದೆ. ಬೂತಾಯಿಯ ಮೊಟ್ಟೆಯಿಡುವ ಕಾಲ ಇದಕ್ಕೆ ಹೊಂದಿಕೊಂಡಿದೆ. ಗಾಳಿ ತಡವಾದರೆ, ಕಡಲು ಬೇಗ ಬಿಸಿಯಾದರೆ, ಮರಿಗೆ ಆಹಾರ ಸಿಗುವ ದಿನಗಳು ತಪ್ಪಿಹೋಗುತ್ತವೆ. ಕೇರಳದಲ್ಲಿ 2012ರಲ್ಲಿ ನಾಲ್ಕು ಲಕ್ಷ ಟನ್ನಿಗೆ ಸಮೀಪವಿದ್ದ ಬೂತಾಯಿಯ ಹಿಡಿತ 2021ರಲ್ಲಿ ಕೇವಲ 3,297 ಟನ್ನಿಗೆ ಬಿದ್ದದ್ದರಲ್ಲಿ ಹವಾಮಾನದ ಪಾಲೂ ಇದೆ, ಮರಿಮೀನನ್ನೂ ಬಿಡದೆ ಬಾಚಿ ಮೀನುಹಿಟ್ಟಿನ ಕಾರ್ಖಾನೆಗೆ ಸಾಗಿಸಿದ ಮನುಷ್ಯನ ಪಾಲೂ ಇದೆ ಎಂದರು. ಜೂನ್ 1ರಿಂದ ಜುಲೈ 31ರವರೆಗಿನ 61 ದಿನಗಳ ಯಾಂತ್ರಿಕ ಮೀನುಗಾರಿಕೆಯ ನಿಷೇಧ ಪಶ್ಚಿಮ ಕರಾವಳಿಗೆ ಏಕೆ ಆ ತಿಂಗಳುಗಳಲ್ಲಿ, ಪೂರ್ವ ಕರಾವಳಿಗೆ ಏಕೆ ಏಪ್ರಿಲ್ ಮಧ್ಯದಿಂದ ಜೂನ್ ಮಧ್ಯದವರೆಗೆ ಎಂಬ ಪ್ರಶ್ನೆಗೂ ಸಮಾಧಾನದಿಂದ ಉತ್ತರಿಸಿದರು.

ಆದರೆ ಆ ಸಂಜೆಯ ನಿಜವಾದ ಬೆಲೆ ಇದ್ದದ್ದು ಅವರು ಜೇಬಿನಲ್ಲಿ ತಂದಿದ್ದ ಒಂದು ಪುಟ್ಟ ಸೀಸೆಯಲ್ಲಿ. ಅದರೊಳಗೆ ಮೀನಿನ ಕಿವಿಗಲ್ಲುಗಳಿದ್ದವು. ಮೀನಿನ ತಲೆಬುರುಡೆಯೊಳಗೆ ಸಮತೋಲನಕ್ಕೂ ಶ್ರವಣಕ್ಕೂ ನೆರವಾಗುವ ಈ ಸುಣ್ಣದ ಹರಳುಗಳಲ್ಲಿ ಪದರದ ಮೇಲೆ ಪದರ ಕಟ್ಟುತ್ತ ಹೋಗುತ್ತದೆ, ಎಳೆಯ ಮೀನಿನಲ್ಲಿ ದಿನಕ್ಕೊಂದು ಗೆರೆಯಂತೆ. ಅದನ್ನು ತೇಯ್ದು ಸೂಕ್ಷ್ಮದರ್ಶಕದ ಕೆಳಗೆ ಎಣಿಸಿದರೆ ಮೀನು ಹುಟ್ಟಿದ ದಿನವನ್ನು ಲೆಕ್ಕ ಹಾಕಬಹುದು, ಬೂತಾಯಿ ಹೆಚ್ಚೆಂದರೆ ಎರಡು ಎರಡೂವರೆ ವರ್ಷ ಬದುಕುವ ಮೀನೆಂಬುದು ತಿಳಿಯುವುದೂ ಇಂಥ ಎಣಿಕೆಗಳಿಂದ. ಸೀಸೆ ಕೈಯಿಂದ ಕೈಗೆ ದಾಟಿತು, ಭೂತಗನ್ನಡಿಯೂ ದಾಟಿತು. ತಜ್ಞರು ತಮಗೆ ಗೊತ್ತಿರುವುದನ್ನು ಹೇಳುವುದು ಒಂದು. ಅದು ತಮಗೆ ಹೇಗೆ ಗೊತ್ತಾಯಿತೆಂದು ತೋರಿಸುವುದು ಅದಕ್ಕಿಂತ ಹೆಚ್ಚಿನದು, ಮತ್ತು ಈ ಸರಣಿಯಲ್ಲಿ ಅದು ಇನ್ನೂ ಸಾಕಷ್ಟು ಆಗುತ್ತಿಲ್ಲ.

ಕಡಲ್ಕೊರೆತದ ಸಂಜೆ ಇದಕ್ಕೆ ತದ್ವಿರುದ್ಧ. ವಿಷಯ ದೊಡ್ಡದು: ಉಳ್ಳಾಲ, ಸೋಮೇಶ್ವರದ ಮನೆಗಳು ಮಳೆಗಾಲದಲ್ಲಿ ಕುಸಿಯುವ ಚಿತ್ರಗಳನ್ನು ನಾವೆಲ್ಲ ಪತ್ರಿಕೆಗಳಲ್ಲಿ ನೋಡಿದವರೇ. ಕಲ್ಲಿನ ತಡೆಗೋಡೆ ಅಲೆಯ ಶಕ್ತಿಯನ್ನು ಹೀರದೆ ಹಿಂದಕ್ಕೆ ತಳ್ಳುವುದರಿಂದ ತನ್ನ ಬುಡದ ಮರಳನ್ನೇ ಹೇಗೆ ಕಳೆದುಕೊಳ್ಳುತ್ತದೆ, ಬಂದರಿನ ಬಾಯಿಗೆ ಕಟ್ಟಿದ ಅಲೆತಡೆ ದಡದ ಗುಂಟ ಸಾಗುವ ಮರಳನ್ನು ಒಂದು ಬದಿಯಲ್ಲಿ ಗುಡ್ಡೆ ಹಾಕಿ ಇನ್ನೊಂದು ಬದಿಯನ್ನು ಹೇಗೆ ಬರಿದು ಮಾಡುತ್ತದೆ ಎಂಬ ಎರಡು ಸಂಗತಿಗಳನ್ನು ಹೇಳಿ ನಿಲ್ಲಿಸಿದ್ದರೆ ಸಾಕಿತ್ತು. ಆದರೆ ಅಂದಿನ ಎಂಜಿನಿಯರ್ ಅವರು ಯಾವುದೋ ಸಮ್ಮೇಳನಕ್ಕೆ ಸಿದ್ಧಪಡಿಸಿದ್ದ ಸ್ಲೈಡುಗಳನ್ನೇ ತಂದಿದ್ದರು. ಅಲೆಯ ಎತ್ತರದ ನಕ್ಷೆಗಳೂ ಸಮೀಕರಣಗಳೂ ಒಂದರ ಹಿಂದೊಂದು ಬಂದವು, ಕಾಫಿ ಆರಿತು, ಪ್ರಶ್ನೆಗಳಿಗೆ ಉಳಿದದ್ದು ಹತ್ತು ನಿಮಿಷ. ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆ 1991ರಲ್ಲಿ ಬಂದು, 2011ರಲ್ಲಿಯೂ 2019ರಲ್ಲಿಯೂ ಹೊಸದಾಗಿ ಹೊರಟಾಗ ದಡದ ಮನೆಗಳ ಮೇಲೆ ಏನು ಪರಿಣಾಮವಾಯಿತೆಂದು ಒಬ್ಬ ಕಾನೂನು ವಿದ್ಯಾರ್ಥಿನಿ ಕೇಳಿದ ಒಳ್ಳೆಯ ಪ್ರಶ್ನೆ ಉತ್ತರವಿಲ್ಲದೆ ಹೋಯಿತು. ತಜ್ಞರಿಗೆ ಮೊದಲೇ ತಿಳಿಹೇಳಿ ಸ್ಲೈಡುಗಳಿಗೆ ಮಿತಿ ಹಾಕುವುದು ಆಯೋಜಕರ ಕೆಲಸ; ಅತಿಥಿಯ ಮೇಲಿನ ದಾಕ್ಷಿಣ್ಯಕ್ಕೆ ಅದನ್ನು ಬಿಡಬಾರದು.

ಉಳಿದ ಸಂಜೆಗಳು ಈ ಎರಡು ತುದಿಗಳ ನಡುವೆ ಬರುತ್ತವೆ. ಮಲ್ಪೆಯ ಎದುರಿನ ಸೇಂಟ್ ಮೇರೀಸ್ ದ್ವೀಪಗಳ ಕಂಬಗಲ್ಲುಗಳು ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ಭಾರತದಿಂದ ಬೇರ್ಪಡುವ ಕಾಲದ ಜ್ವಾಲಾಮುಖಿಯ ಗುರುತುಗಳೆಂಬ ಭೂವಿಜ್ಞಾನಿಯ ಮಾತು ಚುಟುಕಾಗಿಯೂ ಸೊಗಸಾಗಿಯೂ ಇತ್ತು. 2020ರ ನವೆಂಬರಿನಲ್ಲಿ ನಮ್ಮ ಕರಾವಳಿಯ ಅಲೆಗಳು ರಾತ್ರಿ ನೀಲಿಯಾಗಿ ಮಿನುಗಿದ್ದಕ್ಕೆ ನಾಕ್ಟಿಲ್ಯೂಕ ಎಂಬ ಏಕಕೋಶ ಜೀವಿ ಕಾರಣವೆಂಬ ಮಾತುಕತೆ ಚಿತ್ರಗಳ ಮೇಲೆ ಹೆಚ್ಚು ಅವಲಂಬಿಸಿತ್ತು. ಆಲಿವ್ ರಿಡ್ಲೆ ಕಡಲಾಮೆಗಳ ಸಂಜೆಗೆ ಮಕ್ಕಳು ತುಂಬಿದ್ದರು, ಹೊನ್ನಾವರ, ಕಾರವಾರ, ಕುಂದಾಪುರದ ಮರಳಿನಲ್ಲಿ ಇವು ಮೊಟ್ಟೆಯಿಡುತ್ತವೆ, ಆ ಮರಳಿನ ಬಿಸಿ ಸುಮಾರು ಮೂವತ್ತು ಡಿಗ್ರಿಗಿಂತ ಮೇಲೇರಿದಂತೆ ಹೆಣ್ಣುಮರಿಗಳೇ ಹೆಚ್ಚಾಗುತ್ತವೆ ಎಂದಾಗ ಒಬ್ಬ ಹುಡುಗ, "ಹಾಗಾದ್ರೆ ಮುಂದೆ ಗಂಡಾಮೆಗಳೇ ಇರೋದಿಲ್ವಾ ಆಂಟಿ?" ಎಂದ. ವಿಜ್ಞಾನಿಗಳಿಗೂ ಇರುವ ಆತಂಕ ಅದೇ ಎಂದು ಹೇಳಿ, ಗೂಡುಗಳ ಮೇಲೆ ನೆರಳು ಹಾಕಿ ಮರಳನ್ನು ತಣ್ಣಗಿಡುವ ಪ್ರಯೋಗಗಳ ಬಗ್ಗೆ ಅಂದಿನ ತಜ್ಞೆ ವಿವರಿಸಿದರು.

ಸ್ಥಳದ ಬಗ್ಗೆ ಕೆಲವು ಮಾತು. ಮಹಡಿಗೆ ಹೋಗುವ ಮೆಟ್ಟಿಲು ಕಡಿದಾಗಿದ್ದು, ಮಂಡಿನೋವಿರುವ ಹಿರಿಯರಿಗೆ ಕಷ್ಟ, ಲಿಫ್ಟ್ ಇಲ್ಲ. ಹಿಂದಿನ ಸಾಲಿಗೆ ಧ್ವನಿ ಸರಿಯಾಗಿ ಕೇಳಿಸುವುದಿಲ್ಲ, ಫ್ಯಾನು ಹಾಕಿದರೆ ಮುಂದಿನ ಸಾಲಿಗೂ ಕೇಳಿಸುವುದಿಲ್ಲ. ಬೀದಿ ಕಿರಿದಾದ್ದರಿಂದ ಕಾರು ತರುವ ಯೋಚನೆ ಬೇಡ. ಕಾಫಿ ಮಾತ್ರ ಫಿಲ್ಟರ್ ಕಾಫಿಯೇ, ಡಿಕಾಕ್ಷನ್‌ನಲ್ಲಿ ಜಿಪುಣತನವಿಲ್ಲ. ಜೊತೆಗೆ ಕೊಡುವ ಚುರುಮುರಿ ಪ್ರಶ್ನೋತ್ತರದ ನಡುವೆ ಸದ್ದು ಮಾಡುತ್ತದೆಂಬುದೊಂದೇ ದೂರು. ಸಂಜೆ ಐದೂವರೆಗೆಂದು ಹೇಳಿ ಐದೂವರೆಗೇ ಆರಂಭಿಸುತ್ತಾರೆ. ಆದರೆ ಮುಗಿಯುವ ಹೊತ್ತಿಗೆ ಶಿಸ್ತಿಲ್ಲದಿರುವುದರಿಂದ, ಮಂಡ್ಯಕ್ಕೂ ಶ್ರೀರಂಗಪಟ್ಟಣಕ್ಕೂ ರೈಲಿನಲ್ಲಿ ಮರಳುವವರು ಒಳ್ಳೆಯ ಚರ್ಚೆಯ ನಡುವೆಯೇ ಎದ್ದುಹೋಗುತ್ತಾರೆ. ಅಳಿವೆಯ ಸಂಜೆಯಲ್ಲಿ ಕಂಡಂತೆ ಚರ್ಚೆಗೆ ಜೀವ ತುಂಬುವವರು ಅವರೇ ಆಗಿರುವುದರಿಂದ, ಅರ್ಧ ಗಂಟೆ ಮೊದಲೇ ಆರಂಭಿಸುವುದು ಒಳಿತು.

ಪ್ರಶ್ನೋತ್ತರವನ್ನು ನಡೆಸಿಕೊಡುವವರ ಬಗ್ಗೆಯೂ ಹೇಳಬೇಕು. ಪ್ರಶ್ನೆಯ ಹೆಸರಿನಲ್ಲಿ ಸ್ವಂತ ಉಪನ್ಯಾಸ ಕೊಡುವ ಮಹನೀಯರು ಮೈಸೂರಿನ ಎಲ್ಲ ಸಭೆಗಳಲ್ಲಿಯೂ ಇರುತ್ತಾರೆ, ಇಲ್ಲಿಯೂ ಇದ್ದಾರೆ. ಅವರನ್ನು ನೋಯಿಸದೆ ಕೂರಿಸುವ ಕಲೆ ಈ ಬಳಗದ ಕಿರಿಯ ವಿದ್ಯಾರ್ಥಿನಿಯೊಬ್ಬರಿಗೆ ಚೆನ್ನಾಗಿ ಸಿದ್ಧಿಸಿದೆ: "ಸಾರ್, ನಿಮ್ಮ ಮಾತಿನಲ್ಲಿರೋ ಪ್ರಶ್ನೆ ಇದೇ ತಾನೇ?" ಎಂದು ಒಂದೇ ವಾಕ್ಯಕ್ಕೆ ಇಳಿಸಿ ತಜ್ಞರ ಕಡೆಗೆ ತಿರುಗಿಸಿಬಿಡುತ್ತಾರೆ. ಹಿರಿಯರು ನಡೆಸಿಕೊಡುವ ದಿನ ಈ ಧೈರ್ಯ ಕಾಣುವುದಿಲ್ಲ.

ಸರಣಿಯ ಆಯ್ಕೆಯಲ್ಲಿ ನನಗೆ ಕಾಣುವ ದೊಡ್ಡ ಕೊರತೆ ಒಂದಿದೆ. ತಜ್ಞರು ಬಹುಪಾಲು ಮಂಗಳೂರು, ಉಡುಪಿ, ಕಾರವಾರದ ಕಡೆಯವರಾಗಿರುವುದರಿಂದ ಅರಬ್ಬಿ ಸಮುದ್ರವೇ ಮತ್ತೆ ಮತ್ತೆ ಬರುತ್ತದೆ. ರಾಜ್ಯದ ಕರಾವಳಿ ಅಲ್ಲಿದೆಯಾದ್ದರಿಂದ ಅದು ಸಹಜವೇ. ಆದರೆ ಮೈಸೂರು, ಮಂಡ್ಯಗಳಲ್ಲಿ ಬಿದ್ದ ಮಳೆ ಹರಿಯುವುದು ಪೂರ್ವಕ್ಕೆ. ನಾವು ಗದ್ದೆಗೆ ಹಾಕಿದ ಯೂರಿಯಾದ ಉಳಿಕೆಯೂ, ನಮ್ಮ ಚರಂಡಿಗಳ ಕೊಳಚೆಯೂ, ಬಿಸಾಡಿದ ಪ್ಲಾಸ್ಟಿಕ್ಕೂ ಮುಟ್ಟಬಹುದಾದ ಕಡಲು ಬಂಗಾಳ ಕೊಲ್ಲಿ. ಅಳಿವೆಯ ಸಂಜೆ ಅಷ್ಟು ಚೆನ್ನಾಗಿ ನಡೆದದ್ದಕ್ಕೆ ಕಾರಣ ಅದು ನಮ್ಮ ನದಿಯ ಕೊನೆಯ ತುದಿಯನ್ನು ಹಿಡಿದಿದ್ದು ಎಂಬುದನ್ನು ಆಯೋಜಕರು ಗಮನಿಸಿದ್ದರೆ, ನಾಗಪಟ್ಟಣದ ಕಡೆಯ ಮುಖಜ ಭೂಮಿಯಲ್ಲಿ ಕೆಲಸ ಮಾಡಿದವರೊಬ್ಬರನ್ನು ಇಷ್ಟರಲ್ಲಿ ಕರೆಸಿರುತ್ತಿದ್ದರು. ಕೇಳಿದಾಗ, ಕನ್ನಡದಲ್ಲಿ ಮಾತನಾಡುವವರು ಸಿಗಬೇಕಲ್ಲ ಎಂದರು. ತಮಿಳು ಅರ್ಥವಾಗುವವರು ಈ ಊರಿನಲ್ಲಿ ಬೇಕಾದಷ್ಟು ಮಂದಿ ಇದ್ದಾರೆ, ಪಕ್ಕದಲ್ಲಿ ಕೂತು ಕನ್ನಡಕ್ಕೆ ಹೇಳುವವರೂ ಸಿಗುತ್ತಾರೆ. ಇದು ದೊಡ್ಡ ಅಡ್ಡಿಯೆಂದು ನನಗನ್ನಿಸುವುದಿಲ್ಲ. ಕಾವೇರಿಯ ವಿಷಯದಲ್ಲಿ ಕೆಳದಂಡೆಯವರನ್ನು ಕರೆಸುವ ಸಂಕೋಚವೇ ನಿಜವಾದ ಕಾರಣವಾಗಿದ್ದರೆ, ರೈತರ ಆ ಒಂದು ಪ್ರಶ್ನೆಯನ್ನು ಸಭೆ ಎದುರಿಸಿದ ರೀತಿಯನ್ನು ಅವರು ನೆನಪಿಸಿಕೊಳ್ಳಬಹುದು.

ಒಟ್ಟಿನಲ್ಲಿ ನನ್ನ ಉತ್ತರ, ಹೋಗಬಹುದು ಎಂಬುದೇ. ವಿಜ್ಞಾನದ ಶಿಕ್ಷಕರು, ನೀರಾವರಿ ಇಲಾಖೆಯ ಕಿರಿಯ ಎಂಜಿನಿಯರುಗಳು, ಮೀನು ತಿನ್ನುವವರು, ಕಾವೇರಿಯ ಬಗ್ಗೆ ಅಭಿಪ್ರಾಯವಿರುವವರು ಹೋದರೆ ಅವರಿಗೂ ಲಾಭ, ಸಭೆಗೂ ಲಾಭ. ಎಂಟು ವರ್ಷಕ್ಕಿಂತ ಚಿಕ್ಕ ಮಕ್ಕಳನ್ನು ಕರೆದೊಯ್ಯುವುದಾದರೆ ಪ್ರಾಣಿಗಳ ಬಗೆಗಿನ ಸಂಜೆಯನ್ನು ಆರಿಸಿಕೊಳ್ಳಿ. ಮುಂದಿನ ವಿಷಯ, ದಕ್ಷಿಣದ ಮಹಾಸಾಗರದಲ್ಲಿ ಹುಟ್ಟಿದ ಅಲೆಗಳು ಸಾವಿರಾರು ಕಿಲೋಮೀಟರ್ ಸಾಗಿಬಂದು ಗಾಳಿಯೇ ಇಲ್ಲದ ದಿನ ಕೇರಳದ ದಡಕ್ಕೆ ನುಗ್ಗುವ ಕಳ್ಳಕ್ಕಡಲ್ ಎಂದು ಸೂಚನಾ ಫಲಕದಲ್ಲಿ ಬರೆದಿದ್ದಾರೆ. ಐದು ಗಂಟೆಗೇ ಹೋದರೆ ಮೂರನೆಯ ಸಾಲಿನ ಎಡಬದಿಯಲ್ಲಿ, ಕಿಟಕಿಯ ಪಕ್ಕ, ಫ್ಯಾನಿನ ಸದ್ದು ಕಡಿಮೆ ಇರುವ ಕುರ್ಚಿಗಳು ಖಾಲಿ ಇರುತ್ತವೆ.